ಎಐ ಟ್ಯೂಟರ್ ಉತ್ತರ ಹೇಳುವುದಿಲ್ಲ ಎಂಬ ದೂರಿನ ಬಗ್ಗೆ ಪಾಲಕರಿಗೆ

ಮಾನ್ಯ ಪಾಲಕರೇ, ನಮಸ್ಕಾರ.

ಕಳೆದ ಪಾಲಕರ ಸಭೆಯಲ್ಲಿ ಹಲವರು ಒಂದೇ ಮಾತು ಎತ್ತಿದಿರಿ. ಮನೆಯ ಮೊಬೈಲಿನಲ್ಲಿ ಕೇಳಿದರೆ ಕ್ಷಣದಲ್ಲಿ ಉತ್ತರ ಸಿಗುತ್ತದೆ, ಶಾಲೆಯ ಎಐ ಟ್ಯೂಟರ್ (ಲೆಕ್ಕ ಕಲಿಯಲು ನೆರವಾಗುವ ಕಂಪ್ಯೂಟರ್ ಪ್ರೋಗ್ರಾಂ) ಮಾತ್ರ ಮಗುವಿಗೇ ತಿರುಗಿ ಪ್ರಶ್ನೆ ಹಾಕುತ್ತದೆ, ಹತ್ತನೆಯ ತರಗತಿಯವರಿಗೆ ಇದೆಲ್ಲ ಯಾಕೆ ಎಂದು. ಬೋರ್ಡ್ ಪರೀಕ್ಷೆಯ ವರ್ಷ, ಆತಂಕ ಸಹಜ. ಹೋಟೆಲ್ ಡ್ಯೂಟಿ ಮುಗಿಸಿ, ಲೋಕಲ್‌ನಲ್ಲಿ ನಿಂತು ಬಂದು, ರಾತ್ರಿ ಬೀಜಗಣಿತ ಹೇಳಿಕೊಡಿ ಎಂದರೆ ಯಾರಿಂದಾದೀತು? ಹೊರಗಿನ ಕ್ಲಾಸಿನ ಫೀಸೂ ಎಲ್ಲರಿಗೆ ಎಟುಕುವುದಿಲ್ಲ. ಅದಕ್ಕೆಂದೇ ಈ ಟ್ಯೂಟರ್ ತಂದಿದ್ದೇವೆ.

ಆದರೆ ಅದು ಉತ್ತರ ಹೇಳದಿರುವುದು ಕೆಟ್ಟುಹೋಗಿ ಅಲ್ಲ, ನಾವೇ ಹಾಗೆ ಮಾಡಿಸಿದ್ದು. ಮಸೂರದ ಲೆಕ್ಕವನ್ನೇ ನೋಡಿ. ವಸ್ತು ಮಸೂರದ ಎಡಕ್ಕೆ 20 ಸೆಂ.ಮೀ. ದೂರದಲ್ಲಿದ್ದರೆ ಸೂತ್ರದಲ್ಲಿ −20 ಎಂದು ಬರೆಯಬೇಕು. ಎಷ್ಟೋ ಮಕ್ಕಳು ಆ ಚಿಹ್ನೆಯನ್ನೇ ಬಿಡುತ್ತಾರೆ. ಟ್ಯೂಟರ್ ತಿದ್ದಿಕೊಡುವುದಿಲ್ಲ, 'ವಸ್ತು ಮಸೂರದ ಯಾವ ಬದಿಗಿದೆ?' ಎಂದು ಕೇಳುತ್ತದೆ. ಮಗುವಿಗೆ ಸಿಟ್ಟು ಬರುತ್ತದೆ, ನಿಜ. ಆದರೂ ಚಿತ್ರ ಬಿಡಿಸಿ ತಾನೇ ಕಂಡುಕೊಳ್ಳುತ್ತದೆ. (ಎಷ್ಟು ಸಲ ತಪ್ಪಿದರೂ ಅದು ಸರ್ ಥರ ಗದರುವುದಿಲ್ಲ ಎಂದ ಒಬ್ಬ ಹುಡುಗ. ಸರ್‌ಗೆ ತಿಳಿಸಿದ್ದೇನೆ.)

ಟರ್ಕಿಯಲ್ಲಿ ಸುಮಾರು ಸಾವಿರ ಪ್ರೌಢಶಾಲಾ ಮಕ್ಕಳಿಗೆ ಗಣಿತದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಕೇಳಿದ ಕೂಡಲೇ ಉತ್ತರ ಹೇಳುವ ಮಾಮೂಲಿ ಚಾಟ್‌ ಎಐ ಸಿಕ್ಕವರು ಅಭ್ಯಾಸದ ಲೆಕ್ಕಗಳಲ್ಲಿ ಎಐ ಮುಟ್ಟದವರಿಗಿಂತ ಶೇ. 48ರಷ್ಟು ಮುಂದಿದ್ದರು. ಅದನ್ನು ತೆಗೆದು ಪರೀಕ್ಷೆ ಬರೆಸಿದಾಗ, ಎಐ ಮುಟ್ಟದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಸುಳಿವಷ್ಟೇ ಕೊಡುವ ಎಐ ಬಳಸಿದವರಿಗೆ ಈ ನಷ್ಟ ಹೆಚ್ಚುಕಡಿಮೆ ಆಗಲೇ ಇಲ್ಲ. ಬೋರ್ಡಿನ 40 ಅಂಕದ ಪೇಪರ್ ಬರೆಯುವಾಗ ಜೇಬಿನಲ್ಲಿ ಮೊಬೈಲ್ ಇರುವುದಿಲ್ಲವಲ್ಲ! ಆದ್ದರಿಂದ ಮತ್ತೆ ಹೇಳುತ್ತೇನೆ, ಉತ್ತರ ಕೊಡುವಂತೆ ಇದನ್ನು ಬದಲಿಸುವುದಿಲ್ಲ.

ಟೀಚರ್‌ಗಳ ಬದಲಿಗೆ ಯಂತ್ರ ಬಂತೇ ಎಂದೂ ಕೇಳಿದಿರಿ. ಇಲ್ಲ. ಅದು ಕನ್ನಡದ ಪಾರಿಭಾಷಿಕ ಪದಗಳಲ್ಲಿ ಎಡವುತ್ತದೆ, ಒಮ್ಮೊಮ್ಮೆ ತಪ್ಪು ಲೆಕ್ಕವನ್ನೂ ಧೈರ್ಯವಾಗಿ ಹೇಳುತ್ತದೆ. ಅದಕ್ಕೇ ಗಣಿತ, ವಿಜ್ಞಾನದ ಟೀಚರ್ ಕಂಪ್ಯೂಟರ್ ಕೋಣೆಯಲ್ಲೇ ಇರುತ್ತಾರೆ. ಬಾಲಭಾರತಿ (ರಾಜ್ಯದ ಪಠ್ಯಪುಸ್ತಕ ಮಂಡಳಿ) ಪುಸ್ತಕದಲ್ಲಿ ಇದ್ದದ್ದೇ ಅಂತಿಮ.

ಮನೆಯಲ್ಲಿ ಮೊಬೈಲ್ ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಲೆಕ್ಕ ಮಾಡಿ ಮುಗಿಸಿದ ಮೇಲೆ ಉತ್ತರ ತಾಳೆ ನೋಡಿದರೆ ನಮ್ಮ ತಕರಾರಿಲ್ಲ. ಮಕ್ಕಳ ಹೆಸರು, ಫೋನ್ ನಂಬರ್ ಯಾವುದನ್ನೂ ಇದರಲ್ಲಿ ಹಾಕಿಸುವುದಿಲ್ಲ, ರೋಲ್ ನಂಬರ್ ಮಾತ್ರ.

ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಶನಿವಾರದೊಳಗೆ ಕ್ಲಾಸ್ ಟೀಚರ್‌ಗೆ ಕಳುಹಿಸಿ. ಒಪ್ಪಿಗೆ ಇಲ್ಲದವರ ಮಕ್ಕಳು ಆ ಪೀರಿಯಡ್‌ನಲ್ಲಿ ಟೀಚರ್ ಬಳಿಯೇ ಕೂತು ಅದೇ ಲೆಕ್ಕಗಳನ್ನು ಮಾಡುತ್ತಾರೆ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಕನ್ನಡ ಮಾಧ್ಯಮ ವಿಭಾಗ, ಮುಂಬಯಿ