ಲಕ್ಕುಂಡಿಯ ಶನಿವಾರಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮಕ್ಕಳ ಚಿತ್ರಕಲಾ ಕಾರ್ಯಾಗಾರ ಹೇಗೆ ನಡೆದಿದೆ ಎಂದು ಕೇಳಿದ್ದೀಯಲ್ಲ, ಈಗೀಗ ನನ್ನ ತಲೆಯಲ್ಲಿ ಬೇರೇನೂ ಇಲ್ಲ. ಶಾಲೆ ಬಿಡುವುದು ನಾಲ್ಕರ ಮೇಲೆ, ಲಕ್ಕುಂಡಿಯ ಶಿಲ್ಪ ಸಂಗ್ರಹಾಲಯ ಮುಚ್ಚುವುದು ಐದಕ್ಕೆ. ಅದಕ್ಕೇ ಶನಿವಾರವನ್ನು ಹಿಡಿದೆವು. ಬೆಳಗಿನ ಶಾಲೆ ಮುಗಿಸಿ, ಬುತ್ತಿ ಉಂಡು, ಆರರಿಂದ ಎಂಟನೆಯ ತರಗತಿಯ ಮಕ್ಕಳು ಹಲಗೆ, ಹಾಳೆ ಹಿಡಿದು ಬರುತ್ತಾರೆ.

ನನ್ನದು ಒಂದೇ ಹಟ: ಎಲ್ಲವನ್ನೂ ತೋರಿಸುವುದಿಲ್ಲ. ಒಬ್ಬರಿಗೆ ಒಂದೇ ಶಿಲ್ಪ. ರಬ್ಬರ್ ಕೊಡುವುದಿಲ್ಲ. ಪ್ರವಾಸಕ್ಕೆ ಬಂದ ಮಕ್ಕಳು ಸಾಲಾಗಿ ಒಳಹೊಕ್ಕು ಸಾಲಾಗಿ ಹೊರಬರುವುದನ್ನು ನೀನೂ ನೋಡಿದ್ದೀಯ. ಅದರಿಂದ ಕಣ್ಣಿಗೆ ಏನೂ ದಕ್ಕುವುದಿಲ್ಲ.

ಏಳನೆಯ ತರಗತಿಯ ಹುಡುಗಿಯೊಬ್ಬಳಿಗೆ ಕೈ ಮುರಿದ ಮೂರ್ತಿಯೊಂದು ಸಿಕ್ಕಿತ್ತು. ಕೈಯನ್ನು ಪೂರ್ತಿ ಮಾಡಿ ಬರೆಯಲೇ ಎಂದು ಕೇಳಿದಳು. ಮೊದಲು ಇರುವಷ್ಟನ್ನೇ ಬರೆ ಎಂದೆ. ಬಹಳ ಹೊತ್ತಿನ ಮೇಲೆ ಓಡಿಬಂದು ನನ್ನನ್ನು ಕರೆದೊಯ್ದಳು. ತೊಡೆಯ ಮೇಲೆ ಬೆರಳುಗಳ ತುದಿಯಷ್ಟೇ ಅಂಟಿಕೊಂಡು ಉಳಿದಿತ್ತು! ಭುಜದಿಂದ ಆ ಬೆರಳುಗಳವರೆಗೆ ಚುಕ್ಕೆಗೆರೆ ಎಳೆದು, ಕೈ ಇಲ್ಲಿ ಊರಿತ್ತು ಎಂದು ತೋರಿಸಿದಳು. ನಾನು ಎಷ್ಟೋ ಸಲ ನಿಂತು ನೋಡಿದ ಮೂರ್ತಿ ಅದು.

ಇನ್ನೊಂದು ವಾರ ಅಂಗಡಿಯಿಂದ ಬಳಪ ತರಿಸಿದೆ. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲನ್ನು ಬಿಟ್ಟು ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಇಲ್ಲಿ ಹಿಡಿದದ್ದು ಬಳಪದ ಕಲ್ಲಿನ ಜಾತಿಯ ಕಲ್ಲನ್ನು. ಗಣಿಯಿಂದ ತೆಗೆದಾಗ ಮೆದು, ಗಾಳಿ ತಾಗುತ್ತ ಗಟ್ಟಿ. ಇದನ್ನು ಬಾಯಲ್ಲಿ ಹೇಳಿದರೆ ಯಾವ ಮಗು ಕೇಳುತ್ತದೆ? ಕೈವಾರದ ಮೊನೆಯಿಂದ ಬಳಪದ ಮೇಲೆ ಗಿಣಿ ಕೆತ್ತಿರಿ ಎಂದೆ. ಗೆರೆ ಬೆಣ್ಣೆಯಲ್ಲಿ ಎಳೆದಂತೆ ಮೂಡಿತು, ಕೊಕ್ಕು ಮಾತ್ರ ಪಟಕ್ಕನೆ ಮುರಿಯಿತು. ಆಮೇಲೆ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ನಿಲ್ಲಿಸಿದೆ. ಬೆರಳುದ್ದದ ಬೊಂಬೆಗಳನ್ನು, ಎಲೆಬಳ್ಳಿಯನ್ನು ಅವರು ನೋಡಿದ ರೀತಿಯೇ ಬೇರೆಯಾಗಿತ್ತು. ಒಬ್ಬ ಹುಡುಗ ಉಸಿರು ಬಿಗಿಹಿಡಿದು ಕೇಳಿದ: "ಸರ್, ಇಲ್ಲಿ ಕೊಕ್ಕು ಮುರಿದರೆ ಇಡೀ ಬಾಗಿಲು ಹೋಗುತ್ತಿತ್ತಲ್ಲವೇ?" ತಿರುಗಣೆಗೆ ಹಿಡಿದು, ಅಂದರೆ ಕಲ್ಲನ್ನು ತಿರುಗಿಸುತ್ತ ಉಳಿ ತಾಗಿಸಿ, ಕಡೆದ ಕಂಬಗಳ ಬಳಿ ಬಡಿಗರ ಮನೆಯ ಹುಡುಗನೇ ನಮಗೆಲ್ಲ ಮೇಷ್ಟ್ರಾದ. ಅವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು 1007ರಲ್ಲಿ ಎಂದು ಈ ಮಕ್ಕಳು ಥಟ್ಟನೆ ಹೇಳುತ್ತಾರೆ. ಆ ಬಸದಿಯ ನೆರಳಲ್ಲೇ ಆಡಿ ಬೆಳೆದವರು. ಆದರೂ ಅದನ್ನು ಯಾರೋ ಕೈಯಾರೆ ಮಾಡಿದರು, ತಪ್ಪಿದರೆ ತಿದ್ದಲಾಗದ ಕಲ್ಲಿನಲ್ಲಿ ಮಾಡಿದರು ಎಂಬುದು ಈಗಷ್ಟೇ ಅವರ ಮನಸ್ಸಿಗೆ ಇಳಿಯುತ್ತಿದೆ. ನನಗೆ ಬೇಕಾದದ್ದು ಇದೇ. ಎಲ್ಲರೂ ಕಲಾವಿದರಾಗಲಿ ಎಂಬ ಆಸೆ ನನಗಿಲ್ಲ.

ಇದರಿಂದ ಅಂಕ ಬರುತ್ತದೆಯೇ ಎಂದು ಕೇಳುವ ತಂದೆತಾಯಂದಿರೂ ಇದ್ದಾರೆ. ಲೋವರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಅನುಕೂಲ ಎನ್ನುತ್ತೇನೆ. ಅದು ಸುಳ್ಳಲ್ಲ. ಆದರೆ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರು ಸಿಗುವುದೇ ಅಪರೂಪವಾಗಿರುವಾಗ, ಹತ್ತಿರದ ಸಂಗ್ರಹಾಲಯವನ್ನಾದರೂ ಆ ಮಕ್ಕಳಿಗೆ ತೆರೆದುಕೊಡುವುದು ನಮ್ಮಂಥವರ ಕೆಲಸ ಎಂಬುದೇ ನನ್ನ ನಿಜವಾದ ಉತ್ತರ.

ಈಗ ನಿನ್ನ ಪಾಲಿನ ಕೆಲಸ. ಕಾಗದದ ಮೇಲೆ ಬರೆದದ್ದನ್ನು ಮಕ್ಕಳು ಮಣ್ಣಿನಲ್ಲಿ ಮಾಡಬೇಕೆನ್ನುತ್ತಿದ್ದಾರೆ, ನನಗೆ ಮಣ್ಣಿನ ಕೈ ಇಲ್ಲ. ನಮ್ಮ ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಆದ್ದರಿಂದ ಕುಂಬಾರರಿಂದ ಹದಮಾಡಿದ ಮಣ್ಣು ತರಿಸಿಡುತ್ತೇನೆ. ಧಾರವಾಡದಿಂದ ಬೆಳಿಗ್ಗೆಯೇ ಹೊರಡು, ಗದಗಿನಲ್ಲಿ ಇಳಿದರೆ ಅಲ್ಲಿಂದ ಹನ್ನೆರಡು ಕಿಲೋಮೀಟರ್ ಅಷ್ಟೇ. ಮುಂದಿನ ಶನಿವಾರವೋ ಅದರ ಮುಂದಿನದೋ ಎಂದು ತಿಳಿಸು, ಮಕ್ಕಳಿಗೆ ಹೇಳಬೇಕು.

ನಿನ್ನ ಗೆಳೆಯ