ತೋಡಿನ ಬದಿಯ ದಾರಿ ಉಳಿಯಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದ ಮೇಲೆ ನಮ್ಮ ಕಾಸರಗೋಡು ಜಿಲ್ಲೆಯ ಏತಡ್ಕದಲ್ಲಿ ತೋಡಿನ (ಸಣ್ಣ ಹೊಳೆಯ) ಬದಿ ಹಿಡಿದು ನಡೆಯಬೇಕು. ನೀರಿನ ಹರಿವು ಇಳಿಯುತ್ತಿದ್ದಂತೆ ಕೃಷಿಕರು ಕಲ್ಲು, ಮಣ್ಣು ಹಾಕಿ ಅಲ್ಲಲ್ಲಿ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಕಟ್ಟುತ್ತಾರೆ. ಈಗ ಪ್ಲಾಸ್ಟಿಕ್ ಹಾಳೆಯೂ ಬಂದಿದೆ. ನಿಂತ ನೀರು ಮೆಲ್ಲಗೆ ಇಂಗಿ ಸುತ್ತಲಿನ ಬಾವಿಗಳಿಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳಿಗೆ ಸೇರುತ್ತದೆ. ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿ ಅದೇ ಆಧಾರ. ಮಳೆ ಶುರುವಾಗುವ ಮೊದಲು ಕಟ್ಟ ಬಿಡಿಸಲೇಬೇಕು, ಇಲ್ಲದಿದ್ದರೆ ತೋಟಕ್ಕೇ ನೀರು ನುಗ್ಗುತ್ತದೆ.

ನಾವು ಹಾಗೆ ನಡೆದ ದಿನ ಮಧ್ಯಾಹ್ನದ ಮೇಲೆ ಪರಪ್ಪ ಕಾಡಿನ ಕಡೆ ಹೋದೆವು. ಆನೆ ಓಡಾಡುವ ಜಾಗ, ಹಾಗಾಗಿ ಜಾಸ್ತಿ ಒಳಗೆ ಹೋಗಲಿಲ್ಲ. ಹತ್ತಿರದಲ್ಲೇ ಪಯಸ್ವಿನಿ ಹೊಳೆ. ಈ ಹೊಳೆಯಲ್ಲಿರುವ ಮೆದು ಚಿಪ್ಪಿನ ದೊಡ್ಡ ಆಮೆಯನ್ನೂ ಕಾಸರಕ ಮರವನ್ನೂ ಜಿಲ್ಲಾ ಪಂಚಾಯತ್ 2023ರಲ್ಲಿ ಜಿಲ್ಲೆಯ ಗುರುತುಗಳೆಂದು ಘೋಷಿಸಿದೆ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಬೇಸರವೆಂದರೆ ತೋಡಿನ ಬದಿಯ ಕಾಲುದಾರಿ ಕೆಲವೆಡೆ ಪೊದೆಯಲ್ಲಿ ಮುಚ್ಚಿಹೋಗಿದೆ, ಕೆಲವೆಡೆ ಬೇಲಿಯೊಳಗೆ ಸೇರಿದೆ. ಬಾಟಲಿಗಳಂತೂ ಕೇಳುವುದೇ ಬೇಡ. ಪಂಚಾಯತಿನವರು ಕಟ್ಟ ಕಟ್ಟುವ ಹೊತ್ತಿಗೆ ದಾರಿಯನ್ನೂ ಸವರಿಸಲಿ. ಕಾಡಿನ ಅಂಚಿನ ಆನೆ ಎಚ್ಚರಿಕೆ ಫಲಕಗಳು ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ.

– ಒಬ್ಬ ಓದುಗ, ಮುಳ್ಳೇರಿಯ