ಕಾರ್ಡ್ ಅಗ್ಗದ್ದೇ ಇರಲಿ, ಬಿಲ್ಲಿನಲ್ಲಿ ವಿವರ ಬರೆಯಲಿ

ಮಾನ್ಯರೇ,

ಮುಂಬಯಿ ಸಾಕಿನಾಕಾದ ಒಂದು ಗಾಲಾದಲ್ಲಿ (ಕಾರ್ಖಾನೆ ಮಳಿಗೆ) ನನ್ನ ಸಣ್ಣ ವರ್ಕ್‌ಶಾಪ್ ಇದೆ. ಹೋಟೆಲು, ದವಾಖಾನೆ, ಹೌಸಿಂಗ್ ಸೊಸೈಟಿಗಳ ನಾಮಫಲಕಕ್ಕೆ ಅಕ್ರಿಲಿಕ್ ಮತ್ತು ಮರದಲ್ಲಿ ಅಕ್ಷರ ಕೆತ್ತುವುದು ನನ್ನ ಕಸುಬು. ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವನು, ರಾತ್ರಿ ಶಾಲೆಯಲ್ಲಿ ಓದಿ ಈ ದಾರಿ ಹಿಡಿದೆ. ಅಂಗಡಿ ಬೋರ್ಡುಗಳಲ್ಲಿ ಮರಾಠಿ ಹಾಕಲು 2023ರ ನವೆಂಬರ್‌ವರೆಗೆ ಸುಪ್ರೀಂ ಕೋರ್ಟ್ ಗಡುವು ಕೊಟ್ಟಿತ್ತಲ್ಲ, ಆಗ ನಮಗೆಲ್ಲ ಊಟಕ್ಕೂ ಪುರುಸೊತ್ತಿರಲಿಲ್ಲ. ಅದನ್ನು ನೋಡಿ ನಮ್ಮೂರಿನ ಕೆಲವು ಹುಡುಗರು ತಾವೇ ಸಣ್ಣ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಮೆಷಿನ್, ಜೋಡಿಸತೊಡಗಿದರು. ಈಗಲೂ ಫೋನ್ ಬರುತ್ತದೆ. "ಅಣ್ಣ, ಕಾರ್ಡ್ ಯಾವ್ದ್ ತಕಂಬುದು?"

ಕಾರ್ಡ್ ಅಂದರೆ ಕಂಪ್ಯೂಟರಿಗೂ, ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಎಂಬ ಪೆಟ್ಟಿಗೆಗೂ ನಡುವೆ ಕೂರುವ ಅಂಗೈ ಅಗಲದ ಸರ್ಕ್ಯೂಟ್. ಮೋಟಾರು, ಸ್ಕ್ರೂ, ಕಬ್ಬಿಣದ ಫ್ರೇಮ್ ಎಲ್ಲವನ್ನೂ ನಾಲ್ಕು ಕಡೆ ವಿಚಾರಿಸಿ ಕೊಳ್ಳುವವರು ಇದನ್ನು ಮಾತ್ರ ಕೊನೆಗೆ ಉಳಿದ ದುಡ್ಡಿನಲ್ಲಿ ತರುತ್ತಾರೆ. ನಾನೂ ಹಾಗೇ ಮಾಡಿದವನು. ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ (ಹೆಸರು ಬೇಡ) ಪ್ರಿಂಟರ್ ಪೋರ್ಟಿಗೆ ಹಾಕುವ ನೀಲಿ ಕಾರ್ಡ್ ಕೊಂಡೆ. ಬಿಲ್ಲಿನಲ್ಲಿ ಬರೆದದ್ದು ಇಷ್ಟೇ: "ಸಿಎನ್‌ಸಿ ಕಾರ್ಡ್ – 1".

ಹಳೇ ಕಂಪ್ಯೂಟರ್ ಇರುವವರೆಗೆ ಅದು ಚೆನ್ನಾಗಿಯೇ ಓಡಿತು. ಮದರ್‌ಬೋರ್ಡ್ ಹೋದ ಮೇಲೆ ತಲೆನೋವು ಶುರು. ಹೊಸ ಕಂಪ್ಯೂಟರಿನಲ್ಲಿ ಪ್ರಿಂಟರ್ ಪೋರ್ಟೇ ಇಲ್ಲ. ಅಂಗಡಿಯವರು ಯುಎಸ್‌ಬಿಯಿಂದ ಪ್ರಿಂಟರಿಗೆ ಹೋಗುವ ಕೇಬಲ್ ಕೊಟ್ಟರು. ಮೋಟಾರ್ ಅಲುಗಲೂ ಇಲ್ಲ. ಆ ಕೇಬಲ್ ಕಾಗದಕ್ಕೆ ಅಕ್ಷರ ಕಳಿಸಲು ಮಾಡಿದ್ದು. ಒಂದು ಪಲ್ಸಿಗೆ, ಅಂದರೆ ಒಂದು ವಿದ್ಯುತ್ ಮಿಡಿತಕ್ಕೆ, ಒಂದು ಹೆಜ್ಜೆ ತಿರುಗುವ ಸ್ಟೆಪ್ಪರ್ ಮೋಟಾರಿಗೆ ಒಂದೊಂದು ಪಲ್ಸೂ ಹೊತ್ತಿಗೆ ಸರಿಯಾಗಿ ತಲುಪಬೇಕು. ಅದು ಈ ಕೇಬಲಿನಿಂದ ಆಗುವ ಕೆಲಸವಲ್ಲ. ಮತ್ತೆ ಸ್ಲೋ ಲೋಕಲ್ ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿದು, ಕಂಪ್ಯೂಟರಿನ ಒಳಗೆ ಹಾಕುವ ಪೋರ್ಟ್ ಕಾರ್ಡ್ ತಂದೆ. ಮೆಷಿನ್ ಓಡಿತು. ಆದರೆ ಒಂದು ಮರಾಠಿ ಬೋರ್ಡಿನಲ್ಲಿ ಅಕ್ಷರಗಳ ತಲೆ ಮೇಲಿನ ಗೆರೆ ಅರ್ಧ ದಾರಿಯಲ್ಲಿ ಎರಡು ಮಿಲಿಮೀಟರ್ ಕೆಳಗಿಳಿಯಿತು. ಕನ್ನಡ ಅಕ್ಷರವಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ದೇವನಾಗರಿಯ ಶಿರೋರೇಖೆ ಮೆಟ್ಟಿಲಾದರೆ ರಸ್ತೆಯ ಆಚೆ ಬದಿಗೂ ಕಾಣುತ್ತದೆ.

ಸ್ಕ್ರೂ ಬಿಗಿ ಮಾಡಿದೆ, ಮೋಟಾರ್ ಬದಲಿಸಿದೆ, ಸುಮ್ನೆ ದುಡ್ಡು ಹೋಯಿತು. ಕೊನೆಗೆ ಮಲ್ಟಿಮೀಟರ್ ಹಿಡಿದಾಗ ಗೊತ್ತಾಯಿತು. ಹೊಸ ಪೋರ್ಟ್ ಕೊಡುತ್ತಿದ್ದದ್ದು 3.3 ವೋಲ್ಟ್. ನನ್ನ ಕಾರ್ಡಿನಲ್ಲಿದ್ದ 74ಎಚ್‌ಸಿ244 ಚಿಪ್ 5 ವೋಲ್ಟಿನಲ್ಲಿ ಓಡುವಾಗ, ಒಳಗೆ ಬರುವ ಸಿಗ್ನಲ್ 3.5 ದಾಟಿದರೆ ಮಾತ್ರ ಅದನ್ನು "ಇದೆ" ಎಂದು ಖಾತ್ರಿಯಾಗಿ ಹೇಳುತ್ತದೆ. 3.3 ಬಂದರೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಬಿಟ್ಟ ಪಲ್ಸಿಗೆ ಮೋಟಾರ್ ತಿರುಗುವುದಿಲ್ಲ. ಬೆಸುಗೆ ಬಿಚ್ಚಿ ಅದೇ ಜಾಗಕ್ಕೆ 74ಎಚ್‌ಸಿಟಿ244 ಕೂರಿಸಿದೆ. ಇದಕ್ಕೆ 2 ವೋಲ್ಟ್ ಸಾಕು. ಶಿರೋರೇಖೆ ನೆಟ್ಟಗಾಯಿತು. ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸ, ಬೆಲೆಯಲ್ಲಿ ಅದೂ ಇಲ್ಲ.

ಇದಾದರೂ ಬೋರ್ಡ್ ಕೆಟ್ಟ ಕತೆ. ಇನ್ನೊಂದು ದಿನ ಕೈಯೇ ಹೋಗಬೇಕಿತ್ತು. ಕಂಪ್ಯೂಟರ್ ಹ್ಯಾಂಗ್ ಆಯಿತು. ಮೋಟಾರುಗಳು ನಿಂತವು, ಕೆತ್ತುವ ಬಿಟ್ ತಿರುಗಿಸುವ ಸ್ಪಿಂಡಲ್ ನಿಲ್ಲಲಿಲ್ಲ. ಒಂದೇ ಜಾಗದಲ್ಲಿ ಗರಗರ ತಿರುಗಿ ಅಕ್ರಿಲಿಕ್ ಜೋನಿ ಬೆಲ್ಲದ ಹಾಗೆ ಕರಗಿ ಬಿಟ್‌ಗೆ ಸುತ್ತಿಕೊಂಡಿತು. ಕೆಂಪು ಬಟನ್ ಒತ್ತಿದೆ. ಏನೂ ಆಗಲಿಲ್ಲ! ಆಗಲು ಸಾಧ್ಯವೂ ಇರಲಿಲ್ಲ. ಆ ಬಟನಿನ ವೈರ್ ಹೋಗಿದ್ದು ಕಾರ್ಡಿನ ಇನ್‌ಪುಟ್‌ಗೆ, ಅದನ್ನು ಓದಬೇಕಾದದ್ದು ಕಂಪ್ಯೂಟರ್, ಆ ಕಂಪ್ಯೂಟರೇ ಸತ್ತಿದೆ. ಸ್ಪಿಂಡಲನ್ನು ಆನ್-ಆಫ್ ಮಾಡುವ ರಿಲೇ ಕೊನೆಯ ಬಾರಿ ಹೇಗಿತ್ತೋ ಹಾಗೇ ಕೂತಿದೆ. ಮೇಜಿನ ಕೆಳಗೆ ನುಗ್ಗಿ ಪ್ಲಗ್ ಕಿತ್ತೆ. ಈಗ ಆ ಬಟನ್ ನೇರವಾಗಿ ಕಾಂಟ್ಯಾಕ್ಟರಿನ (ಸ್ಪಿಂಡಲಿನ ಕರೆಂಟ್ ಹಾಯಿಸುವ ದೊಡ್ಡ ಸ್ವಿಚ್ಚು) ಕಾಯಿಲ್ ಲೈನಿನಲ್ಲಿದೆ. ಒತ್ತಿದರೆ ಸ್ಪಿಂಡಲಿನ ಕರೆಂಟೇ ಕಟ್. ಕರೆಂಟ್ ಹೋಗಿ ಬಂದರೂ ಸ್ಟಾರ್ಟ್ ಒತ್ತದೆ ತಿರುಗುವುದಿಲ್ಲ. ಚಾರ್ಜ್ ಪಂಪ್ ಇರುವ ಕಾರ್ಡುಗಳೂ ಬರುತ್ತವೆ. ಕಂಪ್ಯೂಟರಿನಿಂದ ಒಂದೇ ಸಮನೆ ಪಲ್ಸ್ ಬರುತ್ತಿದ್ದರೆ ಮಾತ್ರ ಅವು ಔಟ್‌ಪುಟ್ ಬಿಡುತ್ತವೆ, ಪಲ್ಸ್ ನಿಂತರೆ ಎಲ್ಲ ಬಂದ್. ಅದೂ ಇರಲಿ, ಕಾಂಟ್ಯಾಕ್ಟರೂ ಇರಲಿ.

ಇಷ್ಟೆಲ್ಲ ಓದಿ "ಹಾಗಾದರೆ ದುಬಾರಿ ಕಾರ್ಡೇ ತಕೊಳ್ಳಬೇಕು, ಅಲ್ವಾ?" ಎನ್ನಬೇಡಿ. ನನ್ನ ಲೆಕ್ಕ ಬೇರೆ. ಮೋಟಾರ್ ಒಂದು ಸುತ್ತು ತಿರುಗಲು 200 ಸ್ಟೆಪ್. ಡ್ರೈವರಿನಲ್ಲಿ ಒಂದೊಂದು ಸ್ಟೆಪ್ಪನ್ನೂ 16 ಭಾಗ ಮಾಡಿದರೆ 3,200. ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಯುತ್ತದೆ, ಅಂದರೆ ಮಿಲಿಮೀಟರಿಗೆ 640 ಪಲ್ಸ್. ಆರ್ಡುಯಿನೋ ಊನೋ ಎಂಬ ಪುಟ್ಟ ಬೋರ್ಡಿನಲ್ಲಿ ಓಡುವ, ಪುಕ್ಕಟೆ ಸಿಗುವ ಜಿಆರ್‌ಬಿಎಲ್ ಸಾಫ್ಟ್‌ವೇರ್ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡುತ್ತದೆ. ಭಾಗಿಸಿ ನೋಡಿ, ನಿಮಿಷಕ್ಕೆ 2,800 ಮಿಲಿಮೀಟರ್ ಬಂತು. ನಾನು ಅಕ್ರಿಲಿಕ್ ಕೆತ್ತುವುದು 1,200ರಲ್ಲಿ. ಮತ್ತೇನು ಬೇಕು? ಡ್ರೈವರಿನ ಸ್ವಿಚ್ಚನ್ನು ಸುಮ್ಮನೆ 32ಕ್ಕೆ ಇಟ್ಟರೆ ಮಾತ್ರ ಆ ವೇಗ ಅರ್ಧವಾಗುತ್ತದೆ. ಹುಡುಗರು ಜಾಸ್ತಿ ಎಡವುವುದು ಇಲ್ಲೇ. ನಾಲ್ಕನೇ ಆಕ್ಸಿಸ್, ಜೋರು ವೇಗ ಬೇಕಾದವರಿಗೆ ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರ್ ಜೊತೆ ಓಡುವ ಮೆಸಾ ಕಾರ್ಡುಗಳಿವೆ, ಪಲ್ಸನ್ನು ಅವೇ ಹುಟ್ಟಿಸುತ್ತವೆ. ನಮ್ಮಂಥವರಿಗೆ ಅಷ್ಟು ಬೇಡ.

ಊನೋದಲ್ಲಿ ಒಂದು ಕಿರಿಕಿರಿ ಇದೆ. ಪಕ್ಕದ ವೈರುಗಳ ಕರೆಂಟಿನ ಗದ್ದಲದಿಂದ ಅದರ ಪಿನ್ನುಗಳಿಗೆ ಮರೆ ಇಲ್ಲ. ಮೆಷಿನ್ ಅಂಚು ಮುಟ್ಟಿದರೆ ತಿಳಿಸುವ ಲಿಮಿಟ್ ಸ್ವಿಚ್ಚಿನ ಉದ್ದ ವೈರು ಸ್ಪಿಂಡಲ್ ವೈರಿನ ಪಕ್ಕದಲ್ಲೇ ಹೋದರೆ, ಸ್ಪಿಂಡಲ್ ಚಾಲೂ ಮಾಡಿದ ಕೂಡಲೇ ಅಲಾರ್ಮ್. ನಾನು ಆ ವೈರನ್ನು ಸ್ಪಿಂಡಲ್ ಹೊತ್ತ ಅಡ್ಡ ಚೌಕಟ್ಟಿನ (ಗ್ಯಾಂಟ್ರಿ) ಇನ್ನೊಂದು ಬದಿಗೆ ಸರಿಸಿದೆ, ಶೀಲ್ಡ್ ವೈರ್ ಹಾಕಿ ಒಂದೇ ತುದಿಯಲ್ಲಿ ಅರ್ತ್ ಮಾಡಿದೆ, ನಡುವೆ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸಿ ಎರಡು ಕಡೆಯ ಕರೆಂಟನ್ನು ಬೇರೆ ಇಡುವ ಚಿಪ್) ಇಟ್ಟೆ. ಆಮೇಲೆ ಸುಳ್ಳು ಅಲಾರ್ಮ್ ಬರಲಿಲ್ಲ.

ಅಂಗಡಿಯವರಲ್ಲಿ ನನ್ನ ಕೋರಿಕೆ ಸಣ್ಣದು. ಬಿಲ್ಲಿನಲ್ಲಿ "ಸಿಎನ್‌ಸಿ ಕಾರ್ಡ್" ಎಂದಷ್ಟೇ ಬರೆಯಬೇಡಿ. ಎಷ್ಟು ವೋಲ್ಟಿನ ಸಿಗ್ನಲ್, ಇನ್‌ಪುಟ್‌ಗೆ ಆಪ್ಟೋ ಇದೆಯೋ ಇಲ್ಲವೋ, ಕಂಪ್ಯೂಟರ್ ಸತ್ತರೆ ಔಟ್‌ಪುಟ್ ಏನಾಗುತ್ತದೆ, ಯಾವ ವಿಂಡೋಸ್ ಬೇಕು, ಇಷ್ಟು ಬರೆಯಿರಿ. 64 ಬಿಟ್ ವಿಂಡೋಸ್‌ನಲ್ಲಿ ಮ್ಯಾಕ್3 ಎಂಬ ಸಿಎನ್‌ಸಿ ಸಾಫ್ಟ್‌ವೇರ್ ಪ್ರಿಂಟರ್ ಪೋರ್ಟ್ ಓಡಿಸುವುದಿಲ್ಲ ಎಂದು ಕೊಳ್ಳುವ ಮೊದಲೇ ಹೇಳಿದರೆ ಒಬ್ಬ ಹುಡುಗನಿಗೆ ಒಂದು ಕಂಪ್ಯೂಟರಿನ ದುಡ್ಡು ಉಳಿಯುತ್ತದೆ.

ಮುಂಬಯಿಯ ಕನ್ನಡ ಸಂಘಗಳಲ್ಲೂ ಒಂದು ಮಾತು. ತಾಳಮದ್ದಳೆಗೆ, ಅರಿಶಿನ ಕುಂಕುಮಕ್ಕೆ ಹಾಲ್ ಕೊಡುತ್ತೀರಿ. ಒಂದು ಭಾನುವಾರ ಈ ಹುಡುಗರಿಗೂ ಕೊಡಿ. ಮೆಷಿನ್, ಮಲ್ಟಿಮೀಟರ್, ಆ ಕರಗಿದ ಅಕ್ರಿಲಿಕ್ ತುಂಡು ಎಲ್ಲ ನಾನೇ ಟೆಂಪೋದಲ್ಲಿ ತರುತ್ತೇನೆ. ಹಾಲಿನಲ್ಲಿ 15 ಆಂಪಿಯರಿನ ಒಂದು ಪ್ಲಗ್ ಇದ್ದು, ಅದರ ಅರ್ತಿಂಗ್ ಸರಿಯಾಗಿದ್ದರೆ ಸಾಕು.

– ಬೋರ್ಡು ಕೆತ್ತುವವನೊಬ್ಬ, ಸಾಕಿನಾಕಾ, ಮುಂಬಯಿ